ತಂಗಿಯ ಅರ್ಧ ಮಾತು

ನನ್ನ ತಂಗಿಗೆ ಮಾತು ತಡೆಯುತ್ತಿತ್ತು. ಮೊದಲ ಪದ ಹೇಗೋ ಹೊರಗೆ ಬರುತ್ತಿತ್ತು, ಎರಡನೆಯದಕ್ಕೆ ಗಂಟಲು ಕಟ್ಟುತ್ತಿತ್ತು. ಉಳಿದದ್ದನ್ನು ನಾನು ಹೇಳಿ ಮುಗಿಸುತ್ತಿದ್ದೆ. ಆಕೆ "ಯಾರೂ..." ಎಂದರೆ ಸಾಕು, ಮುಂದೆ ಬರುವುದು "ಇಲ್ಲ" ಎಂಬ ಮಾತೇ ಎಂದು ನನ್ನ ತಲೆ ಮೊದಲೇ ಓಡಿರುತ್ತಿತ್ತು, "ಬಂದಿಲ್ಲ" ಅಂದುಬಿಡುತ್ತಿದ್ದೆ. "ಎಲ್ಲಾರೂ..." ಎಂದರೆ "ಉಂಡಾರ." "ಸ್ವಲ್ಪ..." ಎಂದಾಗ ಮಾತ್ರ ಆಕೆಯ ಮುಖ ನೋಡಬೇಕಾಗುತ್ತಿತ್ತು, ಸ್ವಲ್ಪ ಉಳಿದಿದೆಯೋ, ಸ್ವಲ್ಪ ಬೇಕೋ ಎಂದು. ಹೆಚ್ಚುಕಡಿಮೆ ಪ್ರತಿ ಸಲವೂ ನಾನು ಅಂದದ್ದು ಸರಿಯಾಗುತ್ತಿತ್ತು. ಮೂರನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಅದೊಂದು ಜಾಣತನ ಅನಿಸಿತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷ ನಾವಿಬ್ಬರೂ ಆದೋನಿಯ ಒಂದು ಹತ್ತಿ ಮಿಲ್ಲಿಗೆ ಹೋಗತೊಡಗಿದೆವು. ಹತ್ತಿ ಮಷೀನಿಗೆ ಬೀಳುವ ಮೊದಲು ಅದರೊಳಗಿನ ಕಲ್ಲು, ಕಡ್ಡಿ, ಸಿಪ್ಪೆ ಆರಿಸುವ ಕೆಲಸ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ರಾಶಿ. ತಂಗಿಯ ಕೈ ನನ್ನ ಕೈಗಿಂತ ಚುರುಕು. ಶಾಲೆಯಲ್ಲಿ ನಗೆಗೀಡಾಗಿ ಮನೆ ಸೇರಿದ್ದವಳಿಗೆ, ಬಾಯಿ ಬೇಕಿಲ್ಲದ, ಕೈ ಇದ್ದರೆ ಸಾಕೆನ್ನುವ ಜಾಗವೊಂದು ಸಿಕ್ಕಿತ್ತು. ಬೆಳಿಗ್ಗೆ ನನಗಿಂತ ಮೊದಲೇ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಏ ಅಕ್ಕಯ್ಯಾ, ನಿನ್ ತಂಗಿ ತನ್ ನಾಲಿಗಿ ನಿನ್ ಬಾಯಾಗ ಇಟ್ಟಾಳೇನು? ಊಟಕ್ಕಾರ ವಾಪಸ್ ಕೊಡ್ತೀಯೋ ಇಲ್ಲೋ?" ಎಂದು ಪಕ್ಕದ ರಾಶಿಯವಳು ಕಿಚಾಯಿಸುತ್ತಿದ್ದಳು.

"ಊಟಕ್ಕ ಕೊಡ್ತೀನಿ, ಜಗಳಕ್ಕ ಕೊಡಾಂಗಿಲ್ಲ," ಎನ್ನುತ್ತಿದ್ದೆ. ಸುತ್ತ ಕೂತವರು ನಗುತ್ತಿದ್ದರು. ತಂಗಿ ನಗುತ್ತಿದ್ದಳೋ ಇಲ್ಲವೋ, ನಾನು ನೋಡಿದವಳಲ್ಲ.

ಒಂದು ಮಧ್ಯಾಹ್ನ ನಾನು ನೀರು ಕುಡಿದು ಬರುವಷ್ಟರಲ್ಲಿ ಮೇಸ್ತ್ರಿ ಆಕೆಯ ಮುಂದೆ ನಿಂತಿದ್ದ.

"ಏಮ್ಮಾ, ಪನಿ ಅಯಿಂದಾ? ಕೆಲಸ ಆತೇನು? ಎಷ್ಟು ಬಂತು ರಾಶಿ? ಮಷೀನು ಖಾಲಿ ನಿಂತೈತಿ, ಜಲ್ದಿ ಹೇಳು."

"ಭಾ... ಭಾಳಷ್ಟು..."

"ಭಾಳಷ್ಟು ಆಗೈತ್ರಿ," ಎಂದೆ ನಾನು. "ಒಂದೀಟು ಉಳದಿರಬೇಕು. ಒಯ್ರಿ."

ದಿನವೂ ಆ ಹೊತ್ತಿಗೆ ಆಕೆಯ ರಾಶಿ ಮುಗಿಯುತ್ತ ಬಂದಿರುತ್ತಿತ್ತು. ನನ್ನ ತಲೆಯಲ್ಲಿದ್ದದ್ದು ಅದೇ. ನಾನು ನೀರಿಗೆ ಹೋಗಿದ್ದಾಗ ಹಮಾಲರು ಹೊಸ ಚೀಲಗಳನ್ನು ಆ ರಾಶಿಯ ಮೇಲೆಯೇ ಸುರಿದು ಹೋಗಿದ್ದರು. ಆರಿಸಿದ್ದೂ ಆರಿಸದ್ದೂ ನಿಂತು ನೋಡುವವರಿಗೆ ಒಂದೇ ಬಿಳುಪು. ಭಾಳಷ್ಟು ಇನ್ನೂ ಉಳಿದಿದೆ ಎಂದು ಆಕೆ ಹೇಳಹೊರಟಿದ್ದಳು. ನನ್ನ ಸೆರಗು ಹಿಡಿದು ಜಗ್ಗಿದಳು ಕೂಡ. "ಇರು, ಹೇಳೀನಲ್ಲ," ಎಂದು ಬಿಡಿಸಿಕೊಂಡೆ.

ಸ್ವಲ್ಪ ಹೊತ್ತಿಗೆ ಮಷೀನಿಗೆ ಆ ರಾಶಿಯೊಳಗಿನ ಕಲ್ಲು ಸಿಕ್ಕಿ ಕಿಡಿ ಹಾರಿತು. ಹತ್ತಿಗೆ ಕಿಡಿ ಸಾಕು. ಗಂಡಸರು ನೀರು, ಮರಳು ಎಂದು ಓಡಾಡಿ ಬೆಂಕಿ ನಂದಿಸಿದರು. ಯಾರಿಗೂ ಏನೂ ಆಗಲಿಲ್ಲ. ಒಂದು ಮೂಲೆಯ ಹತ್ತಿ ಮಾತ್ರ ಕರಕಲಾಯಿತು. ಸಾವ್ಕಾರ ಬಂದ. ಯಾರ ರಾಶಿ ಎಂದು ಕೇಳಿದ. ಮೇಸ್ತ್ರಿ ತಂಗಿಯನ್ನು ತೋರಿಸಿದ.

"ಆರಿಸಿ ಆಗೈತಿ ಅಂತ ನೀನ ಹೇಳಿದ್ದೇನಬೇ?"

"ನಾ... ನಾ..."

ಆಕೆ ನನ್ನ ಕಡೆ ತಿರುಗಿದಳು. ನಾ ಅಲ್ಲರಿ, ಅಕ್ಕ ಹೇಳಿದ್ಳು. ಆ ಮಾತಿನ ಉಳಿದರ್ಧ ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದೊಂದು ದಿನ ನಾನು ಮುಗಿಸಿಕೊಡಲಿಲ್ಲ. ನೆಲ ನೋಡುತ್ತ ನಿಂತೆ. ಅವಸರ ಮಾಡಿದ್ದ ಮೇಸ್ತ್ರಿಯೂ ಬಾಯಿ ಬಿಡಲಿಲ್ಲ.

"ಮಾತ ಬರದಾಕಿನ ಯಾಕ ಇಟ್ಕಂಡೀರಿ? ನಾಳಿಂದ ಈಕಿ ಬರೂದು ಬ್ಯಾಡ," ಎಂದ ಸಾವ್ಕಾರ.

ಮರುದಿನ ನಾನು ಕೆಲಸಕ್ಕೆ ಹೋದೆ. ಅದರ ಮರುದಿನವೂ ಹೋದೆ. ಆಕೆ ತಲೆ ಬಾಚದೆ ಒಲೆಯ ಮುಂದೆ ಕೂತಿದ್ದಳು. ಮನೆಯಲ್ಲಿ ಕೇಳಿದವರಿಗೆ ಮಿಲ್ಲಿನಲ್ಲಿ ಬೆಂಕಿ ಬಿತ್ತು ಎಂದಷ್ಟೇ ಹೇಳಿದೆ. ಅವತ್ತಿನಿಂದ ಆಕೆ ನನ್ನ ಮುಂದೆ ಮಾತು ಶುರುಮಾಡಲಿಲ್ಲ. ಬೇಕು, ಬೇಡ, ಎಲ್ಲ ತಲೆಯಾಡಿಸಿಯೇ.

ಕೆಲವು ವರ್ಷಗಳಾದ ಮೇಲೆ ಆಕೆಯನ್ನು ಪತ್ತಿಕೊಂಡದ ಕಡೆ ಕೊಟ್ಟರು. "ಮಗಳ ಕೂಡ ದಿನಾ ಕತಿ ಹೇಳ್ತಾಳ್ರಿ, ನಿಧಾನಕ್ಕ," ಎಂದು ಆಕೆಯ ಗಂಡ ಹೇಳಿದಾಗ ನನಗೆ ಸಂತೋಷವಾಗಬೇಕಿತ್ತು. ಎದೆಯೊಳಗೆ ದಣಿವೊಂದೇ ಕೂತಿತ್ತು.

ಒಮ್ಮೆ ಅವರ ಮನೆಗೆ ಹೋದಾಗ ಆಕೆ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ.

"ಅವತ್ತು ನಾ ಬಾಯಿ ಬಿಡಬೇಕಿತ್ತವ್ವಾ," ಎಂದೆ.

ಬಡಿಯುವ ಕೈ ನಿಂತಿತು. "ಎ... ಎಷ್ಟೋ ಸಲ..."

ನನ್ನ ತಲೆ ಆಗಲೇ ಓಡಿತ್ತು. ಎಷ್ಟೋ ಸಲ ಅತ್ತೀನಿ. ಎಷ್ಟೋ ಸಲ ನಿನ್ನ ಬೈದೀನಿ. ಹಲ್ಲು ಕಚ್ಚಿ ಕೂತೆ. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು, ಆದರೂ ಕಾದೆ.

"ಎಷ್ಟೋ ಸಲ ನೀ ಸರೀನ ಹೇಳ್ತಿದ್ದಿ, ಅಕ್ಕಾ. ಅ... ಅದಕ್ಕ ನಾ ಹೇಳೂದು ಯಾರಿಗೂ ಬೇಕಾಗಲಿಲ್ಲ."