ಮಣ್ಣು ಕಾಣದ ಲೋಳೆಸರ

ಕಳ್ಳಿಗಿಡದ ಕ್ಲಬ್ಬಿನ ಪ್ರದರ್ಶನಕ್ಕೆ ಈ ವರ್ಷ ಏನು ಒಯ್ಯಲಿ ಎಂದು ಯೋಚಿಸುತ್ತಾ ಮೊನ್ನೆ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದೆ. ಹಳೆಯ ಹೆಸರುಚೀಟಿಗಳು, ಮುಳ್ಳು ಕೀಳುವ ಚಿಮುಟ, ಅವುಗಳ ಕೆಳಗೆ ಒಂದು ತುಂಡು ರೇಷ್ಮೆ ಹುರಿ. ಮೂಗಿನ ಹತ್ತಿರ ಹಿಡಿದೆ. ಬೇಯಿಸಿದ ರೇಷ್ಮೆಗೂಡಿನ ವಾಸನೆ ಇನ್ನೂ ಇತ್ತು... ಪಕ್ಕದ ಮನೆ ಅಜ್ಜಿಯ ಸೀರೆಗೂ ಅದೇ ವಾಸನೆ.

ಅಜ್ಜಿ ಕೂಟಗಲ್ ಕಡೆಯವರು. ರಾಮನಗರಕ್ಕೆ ಬಂದು, ಜೀವಮಾನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ನೂಲು ತೆಗೆದವರು. ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕಾಗಿಯೇ ಇರುತ್ತಿದ್ದವು. ಹೊಟ್ಟೆಯಲ್ಲಿ ಗೆಡ್ಡೆ ಇದೆ, ಹೆಚ್ಚೆಂದರೆ ಆರು ತಿಂಗಳು ಎಂದು ಡಾಕ್ಟರು ಹೇಳಿದ ದಿನ ಅವರ ಜೊತೆ ಆಸ್ಪತ್ರೆಯಲ್ಲಿ ಇದ್ದವಳು ನಾನೇ. ಮನೆಗೆ ಬಂದು ಅಜ್ಜಿ ಅಳಲಿಲ್ಲ. ಹಿತ್ತಲಿನಿಂದ ಒಂದು ಲೋಳೆಸರದ ಗಿಡ ಕಿತ್ತು, ಬೇರಿನ ಮಣ್ಣೆಲ್ಲ ತೊಳೆದು, ತಾವೇ ಹೊಸೆದ ಹುರಿಯಲ್ಲಿ ಬಿಗಿದು, ಬಾಗಿಲಿಗೆ ತಲೆಕೆಳಗಾಗಿ ನೇತುಹಾಕಿದರು. ದೃಷ್ಟಿ ತಾಗದಿರಲಿ ಎಂದು ನಮ್ಮ ಕಡೆ ಎಲ್ಲರೂ ಕಟ್ಟುತ್ತಾರೆ. ಅಜ್ಜಿ ಕಟ್ಟಿದ್ದು ಬೇರೆ ಕಾರಣಕ್ಕೆ.

"ಇದು ಇರೋಗಂಟ ನಾನೂ ಇರ್ತೀನಿ ಕಣವ್ವ," ಅಂದರು.

ನಾನು ನಕ್ಕಿದ್ದೆ. ಏಳು ವರ್ಷ ಕಳೆಯಿತು. ಮಣ್ಣಿಲ್ಲದೆ, ನೀರಿಲ್ಲದೆ ಆ ಗಿಡ ಬದುಕಿತು, ಅಜ್ಜಿಯೂ ಬದುಕಿದರು. ಡಾಕ್ಟರು ತಲೆ ಕೆರೆದುಕೊಂಡರು. ನೇತಾಡುತ್ತಿದ್ದ ಗಿಡದ ಎಲೆಗಳೆಲ್ಲ ಬೆಳಕು ಹುಡುಕಿಕೊಂಡು ಮೇಲಕ್ಕೆ ಬಾಗಿದ್ದವು. ಒಂದು ಬೇಸಿಗೆಯಲ್ಲಿ ಎರಡು ಎಲೆ ಬಾಡಿದಾಗ ಅಜ್ಜಿ ವಾರವಿಡೀ ಹಾಸಿಗೆ ಹಿಡಿದಿದ್ದರು. ಕಾಕತಾಳೀಯ ಅಂದುಕೊಂಡೆ.

ನನಗೋ ಬಹುಮಾನದ ಹುಚ್ಚು. ಕಳ್ಳಿಗಿಡ ಬೆಳೆಸುವವರ ನಮ್ಮ ಪುಟ್ಟ ಕ್ಲಬ್ಬು ವರ್ಷಕ್ಕೊಮ್ಮೆ ಛತ್ರದಲ್ಲಿ ಪ್ರದರ್ಶನ ನಡೆಸುತ್ತದೆ. ಪ್ರತಿ ಸಲವೂ ಮಾಗಡಿಯ ವಕೀಲರೊಬ್ಬರ ಗುಂಡುಕಳ್ಳಿಗೆ ಮೊದಲ ಬಹುಮಾನ, ನನ್ನದಕ್ಕೆ ಎರಡನೆಯದು. ಆ ಮನುಷ್ಯನ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಏಳು ವರ್ಷ ಬರೀ ಗಾಳಿ ಕುಡಿದು ಬದುಕಿದ ಲೋಳೆಸರದ ಮುಂದೆ ಯಾವ ಗುಂಡುಕಳ್ಳಿ ನಿಂತೀತು? ಎರಡು ದಿನದ ಮಟ್ಟಿಗೆ ಕೊಡಿ ಎಂದು ಅಜ್ಜಿಯನ್ನು ಕೇಳಿದೆ. ಎರಡು ಸಲ ಆಗಲ್ಲ ಅಂದರು. ಮೂರನೆಯ ಸಲ, ಆಸ್ಪತ್ರೆಗೆ ಜೊತೆಗೆ ಬಂದವಳು ನಾನು ತಾನೇ ಎಂದು ನೆನಪಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ನಿನ್ ಮಾತ ತೆಗ್ದಾಕಾಕಾಗಲ್ಲ, ತಗಂಡೋಗು. ಆದ್ರೆ ಗಂಟು ಬಿಚ್ಚಬ್ಯಾಡ. ಒಸಿನೂ ಮಣ್ಣು ತೋರಿಸ್ಬ್ಯಾಡ."

ಛತ್ರದಲ್ಲಿ ತೀರ್ಪುಗಾರರು ತಲೆಯಾಡಿಸಿಬಿಟ್ಟರು. ಕುಂಡದಲ್ಲಿಲ್ಲದ ಗಿಡವನ್ನು ಸ್ಪರ್ಧೆಗೆ ಸೇರಿಸುವಂತಿಲ್ಲವಂತೆ. ವಾಪಸ್ಸು ತರಬಹುದಿತ್ತು... ಆದರೆ ವಕೀಲರು ನನ್ನನ್ನೇ ನೋಡಿ ನಗುತ್ತಿದ್ದರು. ಕತ್ತರಿಯಿಂದ ಹುರಿ ಕತ್ತರಿಸಿ, ಕುಂಡಕ್ಕೆ ಮಣ್ಣು ತುಂಬಿ ಗಿಡ ನೆಟ್ಟೆ. ಅಲ್ಲಾಡದೆ ನಿಲ್ಲಲಿ ಎಂದು ಒಂದು ಚೊಂಬು ನೀರೂ ಹಾಕಿದೆ. ಹೊಸದಾಗಿ ನೆಟ್ಟ ಲೋಳೆಸರಕ್ಕೆ ನೀರು ಹಾಕಬೇಡಿ ಎಂದು ಊರಿಗೆಲ್ಲ ಹೇಳುವವಳು ನಾನು.

ಗಿಡ ನೆಟ್ಟಗಾದ ಮೇಲೆ, ಏಳು ವರ್ಷ ಮೇಲಕ್ಕೆ ಬಾಗಿದ್ದ ಎಲೆಗಳೆಲ್ಲ ಈಗ ಕೆಳಮುಖವಾಗಿದ್ದವು. ತುದಿಗಳು ಬೆರಳುಗಳ ಹಾಗೆ ಮಣ್ಣಿಗೆ ತಾಗಿದ್ದವು. ಮಧ್ಯಾಹ್ನ ನೋಡಿದಾಗ ಮಣ್ಣಿನೊಳಗೆ ಹೊಕ್ಕಿದ್ದವು. ಯಾರೋ ಒತ್ತಿರಬೇಕು ಎಂದು ಬಿಡಿಸಿದೆ. ಸಂಜೆಗೆ ಮತ್ತೆ ಒಳಗಿದ್ದವು. ಮೊದಲ ಬಹುಮಾನದ ಚೀಟಿ ಅಂಟಿಸಿದರು, ಜನ ಮುಗಿಬಿದ್ದು ಫೋಟೊ ತೆಗೆದುಕೊಂಡರು.

ಮರುದಿನ ಅಜ್ಜಿ ಆಟೊದಲ್ಲಿ ಛತ್ರಕ್ಕೆ ಬಂದರು. ಕುಂಡದಿಂದ ಮಾರು ದೂರದಲ್ಲೇ ನಿಂತುಬಿಟ್ಟರು. ನಾನು ಏನೇನೋ ಹೇಳಿದೆ, ನಿಯಮ ಅಂದೆ, ಬಹುಮಾನ ಬಂತು ಅಂದೆ. ಅವರು ಬಯ್ಯಲಿಲ್ಲ.

"ಮಣ್ಣಿನ್ ರುಚಿ ಸಿಕ್ಬುಡ್ತು ಅದಕ್ಕೆ. ಇನ್ ಬುಡಾಕಿಲ್ಲ," ಅಂದು ತಮ್ಮ ಕೈ ನೋಡಿಕೊಂಡರು. ಬಿಳಿ ಬೆರಳುಗಳ ಉಗುರಿನ ಸಂದಿಯಲ್ಲಿ ಹಸಿಮಣ್ಣಿತ್ತು. ಹಿತ್ತಲಲ್ಲಿ ಏನೋ ಕೆಲಸ ಮಾಡಿ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅಂದೇ ಕುಂಡದಿಂದ ಕಿತ್ತು ಮತ್ತೆ ಕಟ್ಟಲು ನೋಡಿದೆ. ಬುಡ ಆಗಲೇ ಮೆತ್ತಗಾಗಿತ್ತು, ಹುರಿ ನಿಲ್ಲಲಿಲ್ಲ, ಮತ್ತೆ ಕುಂಡದಲ್ಲೇ ಇಟ್ಟೆ. ಹತ್ತನೆಯ ದಿನ ಗಿಡ ಪೂರ್ತಿ ಕೊಳೆತು ಒರಗಿತು. ಆ ಬೆಳಿಗ್ಗೆ ಅಜ್ಜಿಯ ಮನೆಯ ಬಾಗಿಲು ತೆರೆಯಲಿಲ್ಲ. ಗೆಡ್ಡೆ ಇತ್ತಲ್ಲ, ವಯಸ್ಸೂ ಆಗಿತ್ತು ಎಂದರು ಬೀದಿಯವರು. ಯಾರೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ಮೊನ್ನೆ ಆ ಹುರಿಯನ್ನು ಪೆಟ್ಟಿಗೆಗೆ ವಾಪಸ್ಸು ಹಾಕುವಾಗ ಕಣ್ಣಿಗೆ ಬಿತ್ತು. ನಾನು ಬಿಚ್ಚದೆ ಕತ್ತರಿಸಿದ್ದ ಗಂಟಿನೊಳಗೆ ಒಣಬೇರಿನ ಒಂದು ಚೂರು, ಅದರ ತುದಿಯಲ್ಲಿ ಉಗುರಿನಷ್ಟು ಹಸಿರು. ಮುಚ್ಚಿದ ಪೆಟ್ಟಿಗೆಯಲ್ಲಿ, ಐದು ವರ್ಷದ ಮೇಲೆ! ಗಿಡಗಳ ವಿಷಯದಲ್ಲಿ ನಾನು ಕಲಿತದ್ದು ಯಾವುದೂ ಇದಕ್ಕೆ ಹೊಂದುವುದಿಲ್ಲ. ಏನು ತರ್ತೀರಿ ಎಂದು ಕ್ಲಬ್ಬಿನವರು ಫೋನ್ ಮಾಡಿದರು. ಏನೂ ಇಲ್ಲ ಅಂದೆ.

ಅಜ್ಜಿಯ ಮನೆಗೆ ಈಗ ಬೀಗ. ಬಾಗಿಲ ಮೇಲಿನ ಮೊಳೆ ಹಾಗೇ ಇದೆ. ಆ ಹಸಿರು ತಲೆಕೆಳಗಾಗುವಂತೆ ಹುರಿಯನ್ನು ಅದಕ್ಕೇ ಕಟ್ಟಿ ಬಂದೆ. ಅಜ್ಜಿ ಬರುವುದಿಲ್ಲ, ಗೊತ್ತು. ನಿನ್ನೆ ಸಂಜೆ ಎರಚಲು ಮಳೆ ಹೊಡೆಯಿತು. ಅದು ನಿಲ್ಲುವವರೆಗೂ ಬೀಗ ಹಾಕಿದ ಆ ಬಾಗಿಲಿಗೆ ಛತ್ರಿ ಹಿಡಿದುಕೊಂಡು, ನಾನು ನೆನೆಯುತ್ತಾ ನಿಂತಿದ್ದೆ.