ಬೆಂಕಿ ಗುಡ್ಡದ ನಡುಗಡ್ಡೆಗೆ ಹಸಿರು ಬಳೆ

ಜೈಬುನ್ನೀಸಾ ಒಂದು ಮಾತು ಹಿಡಿದಳೆಂದರೆ ಮುಗಿಯಿತು, ಬಿಡಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಗಂಡ ಮೆಹಬೂಬ್ ಪಾಷಾ ತೀರಿಕೊಂಡಾಗ ಮಗಳು ಜಾಹೆದಾಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದವೋ ಇಲ್ಲವೋ, ಗಂಡನ ಮಲಾರವನ್ನು, ಅಂದರೆ ದಾರಕ್ಕೆ ಪೋಣಿಸಿ ಬಟ್ಟೆಯಲ್ಲಿ ಸುತ್ತಿದ ಬಳೆಗಳ ಆ ಹೊರೆಯನ್ನು, ಹೆಗಲಿಗೇರಿಸಿ ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿಯೇಬಿಟ್ಟಳು. ಮೈದುನರು ಬಸ್‌ಸ್ಟ್ಯಾಂಡಿನವರೆಗೂ ಬೆನ್ನು ಹತ್ತಿ ಬಂದು, "ಹೆಂಗಸು ಮಲಾರ ಹೊತ್ತು ಊರೂರು ತಿರುಗಿದ್ರ ನಮ್ಮ ಮಾನ ಏನಾಗಬೇಕು?" ಎಂದು ಹಾರಾಡಿದರು.

"ನಿಮ್ಮ ಮಾನ ಕುದಿಸಿದ್ರ ನನ್ನ ಮಗಳ ಹೊಟ್ಟಿ ತುಂಬತದೇನು? ಸರೀರಿ ಅತ್ತಾಗ," ಎಂದು ಸೀಟು ಹಿಡಿದು ಕೂತಳು.

ಅಂದಿನಿಂದ ದೇವದುರ್ಗ, ಗಬ್ಬೂರು, ಮಾನ್ವಿ ಅವಳ ಕಾಲಡಿಯ ಊರುಗಳಾದವು. ಅವಳ ಕೈಯಲ್ಲಿ ಬಳೆ ತೊಟ್ಟವರಿಗೆ ನೋವಾಗುತ್ತಿರಲಿಲ್ಲ. ಕಳೆ ಕಿತ್ತು ಗಡುಸಾದ ಕೈಯಿರಲಿ, ಕುರಿ ಕಾಯುವ ಕೈಯಿರಲಿ, ಮೊದಲು ಅಂಗೈಯನ್ನು ಮೆಲ್ಲಗೆ ಒತ್ತಿ ಒತ್ತಿ ಹದಕ್ಕೆ ತರುವಳು. "ಕೈ ಸಡಲ ಬಿಡು. ನಿನ್ನ ಕೈ ನಂದು ಅಂತ ತಿಳಿ," ಎನ್ನುವಳು. ಹುಡುಗಿ ಆ ಮಾತಿಗೆ ನಗುವಷ್ಟರಲ್ಲಿ ಬಳೆ ಗೆಣ್ಣು ದಾಟಿರುತ್ತಿತ್ತು. ಆದರೆ ತೊಡಿಸುವವಳ ಮುಂಗೈ ಮಾತ್ರ ಬೋಳು. ಗಂಡ ಸತ್ತ ದಿನ ಓಣಿಯ ಹೆಂಗಸರು ಅವಳ ಬಳೆ ತೆಗೆಸಿದ್ದರು. ಆಮೇಲೆ ಅವಳು ತನ್ನ ಕೈಯ ಕಡೆ ನೋಡಿಕೊಂಡದ್ದೇ ಇಲ್ಲ, ನೋಡಲು ಪುರುಸೊತ್ತಾದರೂ ಎಲ್ಲಿತ್ತು?

ಜಾಹೆದಾಳನ್ನು ಮಾನ್ವಿಯ ಬುರ್ಹಾನುದ್ದೀನನಿಗೆ ಕೊಟ್ಟಳು. ಹುಡುಗ ಬಂಗಾರದಂಥವನು. ಮುಂಬಯಿಯ ಸಿಂಧಿ ಸೇಠನೊಬ್ಬನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆ ಸೇಠನಿಗೆ ಅಟ್ಲಾಂಟಿಕ್ ಸಮುದ್ರದ ನಡುವೆ, ಟೆನೆರಿಫ್ ಎಂಬ ನಡುಗಡ್ಡೆಯಲ್ಲಿ ಗಡಿಯಾರ, ರೇಡಿಯೋ ಮಾರುವ ಇನ್ನೊಂದು ಅಂಗಡಿಯಿತ್ತು. ನಂಬಿಕಸ್ಥ ಹುಡುಗ ಬೇಕೆಂದು ಬುರ್ಹಾನುದ್ದೀನನನ್ನು ಹೆಂಡತಿ ಸಮೇತ ಅಲ್ಲಿಗೇ ಕಳಿಸಿಬಿಟ್ಟ. ಜಾಹೆದಾ ಕಾಗದ ಬರೆದಳು: ಇಲ್ಲೊಂದು ದೊಡ್ಡ ಗುಡ್ಡ ಅದ, ಅದರ ಹೊಟ್ಟೆಯಾಗ ಬೆಂಕಿ ಅದ ಅಂತಾರ, ಈಗ ಮಲಗ್ಯಾದಂತ. ನೆಲ ನಮ್ಮ ಎರಿ ಹೊಲದಂಗ ಕರ್ರಗ, ಆದ್ರ ಜ್ವಾಳ ಇಲ್ಲ, ಬರೇ ಬಾಳಿ ತೋಟ.

ಗಬ್ಬೂರಿನ ಯಂಕಮ್ಮ, ಕುರಿ ಮಂದಿ ಮನೆಯ ಹಳೆಯ ಗಿರಾಕಿ, ಇದನ್ನು ಕೇಳಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಬೆಂಕಿ ಮ್ಯಾಲ ಮನಿ ಕಟ್ಯಾರನ ಯವ್ವಾ! ಎದ್ರ ಹ್ಯಾಂಗ?"

"ರಾಯಚೂರಾಗ ಬ್ಯಾಸಗಿ ಬರಂಗಿಲ್ಲೇನು? ನಾವು ಇಲ್ಲೇನು?" ಎಂದಳು ಜೈಬುನ್ನೀಸಾ. ಒಳಗೊಳಗೆ ಅವಳಿಗೂ ಹೆದರಿಕೆ ಇತ್ತು.

ಎಂಬತ್ತೆರಡನೇ ಇಸವಿಯಲ್ಲಿ ಜಾಹೆದಾ ಮೊದಲ ಸಲ ಬಸುರಾದಳು. ಮುಸಲ್ಮಾನರ ಮನೆಗಳಲ್ಲಿ ಏಳನೇ ತಿಂಗಳಿಗೆ ಸತ್ವಾಸಾ ಮಾಡುತ್ತಾರೆ. ತವರಿನಿಂದ ಹಸಿರು ಬಳೆ ಬರಬೇಕು. ಜೈಬುನ್ನೀಸಾ ಬಿಸ್ಮಿಲ್ಲಾ ಹೇಳಿ, ಮಗಳ ಹೆಸರಿಟ್ಟು ಬಳೆ ತೆಗೆದಿಟ್ಟಳು. ಹಾಗೆ ಹೆಸರಿಟ್ಟು ತೆಗೆದ ಬಳೆಯಲ್ಲಿ ಒಂದೂ ಒಡೆಯಬಾರದು. ಆ ಕಡೆ ಹೋಗುವವರೊಬ್ಬರ ಕೈಲಿ ಕಳಿಸಿದಳು. ತಲುಪುವಷ್ಟರಲ್ಲಿ ಬಳೆ ಚೂರುಚೂರು. ಅದೇ ತಿಂಗಳು ಬಸಿರೂ ಇಳಿಯಿತು. ಬಳೆಗೂ ಬಸಿರಿಗೂ ಏನು ಸಂಬಂಧ ಎಂದು ಬೇಕಾದವರು ಕೇಳಲಿ. ಊರಿನ ಹೆಂಗಸರಿಗೆಲ್ಲ ಬಳೆ ತೊಡಿಸಿ ತನ್ನ ಮಗಳ ಕೈ ಮಾತ್ರ ಬರಿದಾಗಿ ಉಳಿಸಿದವಳ ಎದೆಯನ್ನು ಯಾರು ಕೇಳಬೇಕು? ಎಷ್ಟೋ ದಿನ ಅವಳಿಗೆ ಮಲಾರ ಬಿಚ್ಚಲೇ ಕೈ ಬರಲಿಲ್ಲ.

ಮರುವರ್ಷ ಜಾಹೆದಾ ಮತ್ತೆ ಬಸುರಾದಳು. ಈ ಸಲ ವಿಮಾನ ಹತ್ತಕೂಡದೆಂದು ಅಲ್ಲಿಯ ಡಾಕ್ಟರರು ಖಡಾಖಂಡಿತ ಹೇಳಿದ್ದರು. ಪಕ್ಕದ ಮನೆಯವಳು ಓದಿ ಹೇಳಿದ ಕಾಗದದ ಕೊನೆಯಲ್ಲಿ ಒಂದೇ ಸಾಲು: ಅಮ್ಮಾ, ಈ ಸಲ ಬಳಿ ಯಾರ ಕೈಲೂ ಕಳಿಸಬ್ಯಾಡ.

"ಕಳಿಸಂಗಿಲ್ಲ," ಎಂದಳು ಜೈಬುನ್ನೀಸಾ. "ನಾನೇ ಒಯ್ತೀನಿ."

ಓಣಿಯವರು ನಕ್ಕರು, ಆಮೇಲೆ ಬೈದರು, ಕೊನೆಗೆ ಸುಮ್ಮನಾದರು. ತಾವಿರುವ ಸೇಠನ ಮಹಡಿಯ ಕೋಣೆಯಲ್ಲಿ ನೆಂಟರಿಗೆ ಒಂದು ವಾರಕ್ಕಿಂತ ಹೆಚ್ಚು ಜಾಗವಿಲ್ಲ ಎಂದು ಅಳಿಯ ಬರೆದಿದ್ದ. "ಒಂದು ವಾರ ಸಾಕು. ಹಾದ್ಯಾಗ ಹೋಗೋದು ಬರೋದು ಸೇರಿ ಎರಡು ಸಂತಿ ತಪ್ಪತಾವ, ತಪ್ಪಲಿ ಬಿಡು," ಎಂದಳು. ಪಾಸ್‌ಪೋರ್ಟಿಗೆಂದು ಬೆಂಗಳೂರಿಗೆ ಅಲೆದಳು. ಮನೆಗೆ ವಿಚಾರಣೆಗೆ ಬಂದ ಪೊಲೀಸಪ್ಪ, ಹೋಗುವಾಗ ಹೆಂಡತಿಗೆಂದು ಬಳೆ ಕೊಂಡು ಹೋದ. ಬೇರೆ ದೇಶದ ಪರವಾನಗಿ, ವಿಮಾನ, ಎಲ್ಲ ಮುಂಬಯಿಯಲ್ಲಿ ಸೇಠನ ಕಡೆಯವರು ನೋಡಿಕೊಳ್ಳುತ್ತೇವೆಂದರು. ಎಲ್ಲ ಸರಿ, ಆದರೆ ಟಿಕೆಟ್ಟು?

ಅಲ್ಲೇ ಇತ್ತು ಫಜೀತಿ. ಸೇಠ ಮೂರು ವರ್ಷಕ್ಕೊಮ್ಮೆ ಬುರ್ಹಾನುದ್ದೀನನಿಗೆ ಊರಿಗೆ ಹೋಗಿಬರಲು ಒಂದು ಟಿಕೆಟ್ಟು ಕೊಡುತ್ತಿದ್ದ. ಅದು ಸಿಗುವ ವರ್ಷ ಇದೇ. ಅದನ್ನೇ ಅವನು ಅತ್ತೆಗೆ ಬಿಟ್ಟುಕೊಟ್ಟಿದ್ದ. ಅಂದರೆ ಮಾನ್ವಿಯಲ್ಲಿ ಅವನ ತಾಯಿ ಬಿಸ್ಮಿಲ್ಲಾ ಬೀ, ಮಗನ ದಾರಿ ಕಾಯುತ್ತಿದ್ದವಳು, ಇನ್ನೂ ಮೂರು ವರ್ಷ ಕಾಯಬೇಕು.

ಜೈಬುನ್ನೀಸಾ ಮಾನ್ವಿಗೆ ಹೋಗಿ ತಾನೇ ಎದುರಿಗೆ ಕೂತು ಹೇಳಿದಳು. ಬೀಗಿತ್ತಿಯರ ಮಾತು ದಖ್ಖನಿಯಲ್ಲಿ ಮೆತ್ತಗೆ ಶುರುವಾಯಿತು. ಸಿಟ್ಟೇರಿದ ಮೇಲೆ ಓಣಿಗೆಲ್ಲ ಕೇಳಲೆಂದೋ ಏನೋ, ಕನ್ನಡಕ್ಕೆ ಹೊರಳಿತು.

"ನನ್ನ ಮಗನ ಟಿಕೆಟ್ ನುಂಗಿ, ಮ್ಯಾಲ ಆ ಬೋಳ ಕೈಲೇ ನನ್ನ ಸೊಸಿಗೆ ಸತ್ವಾಸಾ ಬಳಿ ಇಡಸ್ತೀರೇನು? ನಾ ಒಪ್ಪಂಗಿಲ್ಲ!" ಎಂದಳು ಬಿಸ್ಮಿಲ್ಲಾ ಬೀ. ಅವಳ ಗಂಡ ಪೀರಾ ಸಾಬ್ ಹೊರಗೆ ಕಟ್ಟೆಯ ಮೇಲೆ ಕೆಮ್ಮಿದ.

"ನಿಮ್ಮ ಮಾನ್ವಿಯಾಗ ಅರ್ಧ ಊರು ಬಸುರ್ಯಾರು ಈ ಬೋಳ ಕೈಲೇ ತೊಟ್ಟಾರ. ಅವರ ಮಕ್ಕಳು ನಿಮ್ಮ ಓಣ್ಯಾಗೇ ಗೋಲಿ ಆಡಾಕತ್ತಾವ. ಹೊರಗ ಬಂದು ನೋಡ್ರಿ!" ಎಂದು ಜೈಬುನ್ನೀಸಾ ಚಹಾ ಕುಡಿಯದೆ ಎದ್ದಳು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಆ ಮಾತು ಚುಚ್ಚಿದ್ದಕ್ಕೆ ಅತ್ತಳು, ಆ ತಾಯಿಯ ಹೊಟ್ಟೆಯುರಿ ನಿಜವಾದದ್ದೆಂದು ಗೊತ್ತಿದ್ದದ್ದಕ್ಕೂ ಅತ್ತಳು. ಪಾಪ ಅನ್ನಿಸಿತು. ಆದರೂ ತಾನು ಹೋಗುವವಳೇ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಇನ್ನು ಉಳಿದದ್ದು ಬಳೆ ಒಯ್ಯುವ ಬಗೆ. ರೈಲು, ವಿಮಾನ, ಮ್ಯಾಡ್ರಿಡ್ ಎಂಬಲ್ಲಿ ಇಳಿದು ಇನ್ನೊಂದು ವಿಮಾನ. ಇಷ್ಟೆಲ್ಲ ದಾಟಿ ಒಂದು ಬಳೆಯೂ ಒಡೆಯದಂತೆ ಮುಟ್ಟಿಸಬೇಕು. ದೇವದುರ್ಗದ ಬಸ್ಸಿಗಿಂತ ವಿಮಾನ ಕೆಟ್ಟದಾಗಿ ಕುಲುಕಲಾರದು ಎಂಬುದು ಅವಳ ಲೆಕ್ಕ. ಆದ್ದರಿಂದ ಆ ಬಸ್ಸಿನಲ್ಲೇ ಪರೀಕ್ಷೆ ಶುರು ಮಾಡಿದಳು. ಮಾರುವ ಬಳೆಗಳನ್ನೇ ಜೋಳದ ಹೊಟ್ಟು ತುಂಬಿದ ಡಬ್ಬಿಯಲ್ಲಿಟ್ಟು ಟಾಪಿನ ಮೇಲೆ ಹಾಕಿಸಿದಳು. ಗಬ್ಬೂರಿನಲ್ಲಿ ಇಳಿಸಿ ಅಲುಗಿಸಿದರೆ ಗಲಗಲ ಸದ್ದು. ಯಂಕಮ್ಮ ಡಬ್ಬಿಗೆ ಕಿವಿಯಿಟ್ಟು, "ಪೂರಾ ಹೋದ್ವು ಬೇ," ಎಂದಳು. ಇನ್ನೊಂದು ಸಲ ಜಿನ್ನಿಂಗ್ ಮಿಲ್ಲಿನಿಂದ ಹತ್ತಿ ತಂದು ಸುತ್ತಿ ಸೀಟಿನ ಕೆಳಗಿಟ್ಟಳು. ಯಾರೋ ಪುಣ್ಯಾತ್ಮ ಅದರ ಮೇಲೆ ಶೇಂಗಾದ ಚೀಲ ಕುಕ್ಕಿದ. ಮತ್ತೊಮ್ಮೆ ತೊಡೆಯ ಮೇಲೆಯೇ ಇಟ್ಟುಕೊಂಡು ಕೂತಳು. ಬಸ್ಸು ಗುಂಡಿಗೆ ಇಳಿದದ್ದೇ ತಡ, ನಿಂತಿದ್ದ ಬಸ್ಸಮ್ಮ ಎಂಬ ದಢೂತಿ ಹೆಂಗಸು ನೇರ ಅವಳ ತೊಡೆಯ ಮೇಲೆ ಬಂದು ಕೂತಳು.

"ಬಳಿ ಅಕ್ಕಾ, ನಾಕು ಡಜನ್ ಒಯ್ದು ನೆಟ್ಟಗಿದ್ದವು ಆರಿಸಿ ಹಾಕಿದ್ರಾತು. ಇದೇನ್ ಪಂಚಾಯ್ತಿ!" ಎಂದ ಕಂಡಕ್ಟರ್ ಹುಸೇನಪ್ಪ. ದೇವದುರ್ಗವಿರಲಿ, ಮಾನ್ವಿಯಿರಲಿ, ಆ ದಾರಿಗಳಲ್ಲಿ ಅವಳಿಗೆ ಗಂಟು ಬೀಳುತ್ತಿದ್ದವನು ಅವನೇ.

"ಹೆಸರಿಟ್ಟ ಬಳಿಯಾಗ ಆರಿಸೋದು ಹ್ಯಾಂಗಲೇ? ನಿನಗೇನ್ ಗೊತ್ತು, ಸೀಟಿ ಊದು ನೀನು," ಎಂದು ಗದರಿದಳು.

ಕೊನೆಗೆ ಹತ್ತಿ, ಅದರ ಮೇಲೆ ಕೌದಿಯ ತುಂಡು, ಅದರ ಮೇಲೆ ಗಟ್ಟಿ ಡಬ್ಬಿ, ಹೀಗೊಂದು ಉಪಾಯ ನಿಂತಿತು. ಒಂದಲ್ಲ, ಎರಡು ಸಲ ಬಳೆ ಉಳಿದವು. ಆಗ ಹೈದರಾಬಾದಿನಿಂದ ತರಿಸಿದ್ದ ಜರಿ ಗೆರೆಯ ಹಸಿರು ಬಳೆಗಳಿಗೆ ಜಾಹೆದಾಳ ಹೆಸರಿಟ್ಟು ಒಳಗಿಟ್ಟಳು. ರೈಲು ನಾಳೆ. ಸತ್ವಾಸಾದ ಸಾಮಾನನ್ನು ಬೀಗರಿಗೆ ತೋರಿಸದೆ ಒಯ್ಯುವಂತಿಲ್ಲ. ಎಷ್ಟೇ ಸಿಟ್ಟಿದ್ದರೂ ರಿವಾಜು ರಿವಾಜೇ. ಡಬ್ಬಿಯನ್ನೂ, ಅಭ್ಯಾಸದಂತೆ ಮಲಾರವನ್ನೂ ಹೊತ್ತು ಮಾನ್ವಿಗೆ ಹೋದಳು.

ಬಿಸ್ಮಿಲ್ಲಾ ಬೀ ಮುಖ ತಿರುಗಿಸಿಕೊಂಡೇ ಚಾಪೆ ಹಾಸಿದಳು. ಜೈಬುನ್ನೀಸಾ ಡಬ್ಬಿ ಬಿಚ್ಚಿದಳು, ಕೌದಿ ಬಿಡಿಸಿದಳು, ಹತ್ತಿ ಸರಿಸಿದಳು. ನಡುವಿನ ಒಂದು ಬಳೆ ಎರಡು ತುಂಡಾಗಿತ್ತು.

ಒಂದೇ ಒಂದು. ಕೂತಲ್ಲೇ ತಲೆ ಚಚ್ಚಿಕೊಂಡು, "ಯಾ ಅಲ್ಲಾ, ಈ ಸಲನೂ ಹಿಂಗಾತಲ್ಲ! ನನ್ನ ಕೂಸಿಗೆ ಏನಂತ ಮುಖ ತೋರಿಸಲಿ?" ಎಂದು ಗೋಳಾಡಿದಳು. ಪೊಲೀಸಿಗೆ, ಮೈದುನರಿಗೆ, ಬೆಂಗಳೂರಿನ ಕಚೇರಿಗೆ ಬಗ್ಗದವಳು ಹೀಗೆ ಬಿದ್ದದ್ದನ್ನು ಬಿಸ್ಮಿಲ್ಲಾ ಬೀ ಎಂದೂ ಕಂಡಿರಲಿಲ್ಲ. ನೀರು ತಂದು ಎದುರಿಗಿಟ್ಟಳು. ಆ ತುಂಡುಗಳನ್ನು ಅಂಗೈಗೆ ಎತ್ತಿಕೊಂಡಳು.

"ಒಂದು ಮಾತು ಹೇಳ್ರಿ ಸಮ್ದನ್," ಎಂದು ಬೀಗಿತ್ತಿಯನ್ನು ಕೇಳಿದಳು. "ನಿಮ್ಮ ಹತ್ರ ಬಳಿ ತೊಟ್ಟ ಹೆಂಗಸರು ಇದೇ ಬಸ್ಸಿನ್ಯಾಗ ಊರಿಗೆ ಹೋಗ್ತಾರ. ಅವರವು ಒಡೀತಾವೇನು?"

"ಅವು ಯಾಕ ಒಡೀತಾವ? ಅವು ಕೈಯಾಗ ಇರ್ತಾವ..." ಎಂದವಳು ಅಲ್ಲಿಗೇ ನಿಂತಳು.

ಹೊಟ್ಟು, ಹತ್ತಿ, ಕೌದಿ, ಡಬ್ಬಿ, ತೊಡೆ. ಎಲ್ಲವೂ ಹೊಳೆದಿತ್ತು ಅವಳಿಗೆ. ತನ್ನ ಮೈಯಲ್ಲೇ ಎರಡು ಮುಂಗೈ ಇವೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಬಳೆ ಎಂಬುದು ತನಗೆ ಸಂಬಂಧವಿಲ್ಲದ್ದು ಎಂದು ಅವಳು ಅಷ್ಟು ವರ್ಷಗಳಿಂದ ನಂಬಿಬಿಟ್ಟಿದ್ದಳು.

"ಕೈ ಕೊಡ್ರಿ," ಎಂದಳು ಬಿಸ್ಮಿಲ್ಲಾ ಬೀ.

"ಬ್ಯಾಡ್ರಿ. ರಂಡಿಮುಂಡಿ ಕೈ ಇದು. ನೀವೇ ಅಂದೀರಿ."

"ಅಂದೀನಿ. ಮಗನ್ನ ನೋಡಲಾರದ ಸಂಕಟಕ್ಕ ಅಂದೀನಿ. ಅಂದದ್ದು ನಾನೇ ನುಂಗ್ತೀನಿ, ಸಾಕೇನು? ನನ್ನ ಮಗನ ಟಿಕೆಟ್ ಮ್ಯಾಲ ಒಡಕ ಬಳಿ ಒಯ್ಯಾಕ ನಾ ಬಿಡಂಗಿಲ್ಲ. ನಾ ಮುತ್ತೈದಿ ಇದೀನಿ, ತೊಡಿಸೋಳು ನಾನು. ನೀವು ಬರೇ ಹೊತ್ತು ಒಯ್ಯೋರು. ಕೈ ಕೊಡ್ರಿ ಅಂದ್ರ!"

ಜೈಬುನ್ನೀಸಾ ಮಲಾರ ಬಿಚ್ಚಿದಳು. ಜರಿಯಿಲ್ಲದ, ಹೊಲದ ಹೆಂಗಸರು ತೊಡುವ ಸಾದಾ ಹಸಿರು ಬಳೆ ಹುಡುಕಿದಳು. ಏಳು ತಿಂಗಳ ಬಸುರಿ ಮಗಳ ಕೈ ಬಾತಿರುತ್ತದೆ, ಒಂದು ಅಳತೆ ದೊಡ್ಡದೇ ಬೇಕು. ಆರಿಸಿ, ಮಗಳ ಹೆಸರು ಹೇಳಿ ಬೀಗಿತ್ತಿಯ ಮಡಿಲಿಗೆ ಹಾಕಿದಳು. ಆಮೇಲೆ ಕೈ ಮುಂದೆ ಚಾಚಿದಳು. ದೊಡ್ಡ ಅಳತೆಯ ಬಳೆಯೂ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಸಾವಿರಾರು ಕೈ ಹದಮಾಡಿದವಳ ಕೈ ಕಟ್ಟಿಗೆಯಂತೆ ಬಿಗಿದುಹೋಗಿತ್ತು.

ಬಿಸ್ಮಿಲ್ಲಾ ಬೀ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದಳು. ವರ್ಷ ವರ್ಷ ಜೈಬುನ್ನೀಸಾಳ ಕೈಯಲ್ಲೇ ಬಳೆ ತೊಟ್ಟವಳು ಅವಳು, ಆ ಮಾತು ಬಾಯಿಪಾಠವಿತ್ತು.

"ಕೈ ಸಡಲ ಬಿಡ್ರಿ," ಎಂದಳು. "ನಿಮ್ಮ ಕೈ ನಂದು ಅಂತ ತಿಳೀರಿ."

ಜೈಬುನ್ನೀಸಾ ಅಳುತ್ತಲೇ ನಕ್ಕಳು. ಬಳೆ ಗೆಣ್ಣು ದಾಟಿತು. ಒಂದಾದ ಮೇಲೊಂದು, ಎರಡೂ ಕೈ ತುಂಬಿದವು. ಒಂದೂ ಒಡೆಯಲಿಲ್ಲ.

"ಒಂದು ಕೆಲಸ ಮಾಡ್ರಿ ನನಗ," ಎಂದಳು ಬಿಸ್ಮಿಲ್ಲಾ ಬೀ, ಕೈ ಬಿಡದೆ. "ಅಲ್ಲಿ ಇಳಿದ ಕೂಡಲೇ ಮೊದಲ ನನ್ನ ಮಗನ ತಲಿ ಮ್ಯಾಲ ಈ ಕೈ ಇಡ್ರಿ. ನಾ ತೊಡಿಸಿದ ಬಳಿ ಸಪ್ಪಳ ಅವನ ಕಿವಿಗೆ ಬೀಳಲಿ. ಆಮ್ಯಾಲ ತಗದು ಸೊಸಿಗೆ ಹಾಕ್ರಿ."

"ಇಡ್ತೀನಿ," ಎಂದಳು ಜೈಬುನ್ನೀಸಾ. "ಸಾಕು ಅನ್ನೋತನ ಇಡ್ತೀನಿ."

ಸಂಜೆಯ ಬಸ್ಸಿಗೆ ಬಿಸ್ಮಿಲ್ಲಾ ಬೀ ತಾನೇ ಮಲಾರ ಹೊತ್ತು ಬಂದು ಹತ್ತಿಸಿದಳು. ಹುಸೇನಪ್ಪ ಎಂದಿನಂತೆ ಬಾಗಿಲಲ್ಲಿ ನಿಂತಿದ್ದ.

"ಬಳಿ ಅಕ್ಕಾ, ಇವತ್ತ ಡಬ್ಬಿ ಎಲ್ಲಿ ಇಡಬೇಕ್ರಿ? ಟಾಪಿನ ಮ್ಯಾಲೋ, ಸೀಟಿನ ಕೆಳಗೋ?"

ಜೈಬುನ್ನೀಸಾ ಸೆರಗಿನೊಳಗಿಂದ ಎರಡೂ ಕೈ ಹೊರಗೆ ತೆಗೆದು ತೋರಿಸಿದಳು. ಹುಸೇನಪ್ಪ ನೋಡಿದ. ನಗಲು ಬಾಯಿ ತೆರೆದವನು ನಗಲಿಲ್ಲ. ಒಳಗೆ ತಿರುಗಿ, "ಏ, ಮುಂದಿನ ಸೀಟು ಬಿಡ್ರಲೇ," ಎಂದು ಕೂಗಿದ. "ಅಕ್ಕ ಮಗಳ ಕಡಿ ಹೊಂಟಾಳ."