ಅಳಿಯನಿಗೆ ಬಡಿಸಿದ ಬೊಂಬಾಯಿ ಉಂಡೆ

ಮದುವೆಯಾದ ಮೇಲೆ ಮೊದಲ ಸಲ ಊಟಕ್ಕೆ ಬಂದಿದ್ದ ಬಸ್ರೂರಿನ ಅಳಿಯ, ಬಟ್ಟಲೊಳಗೆ ಇಣುಕಿ ದನಿ ತಗ್ಗಿಸಿ ಕೇಳಿದರು: "ಅತ್ತೆ, ಮನಿಯಂಗೆ ಯಾರಿಗ್ ಹುಷಾರಿಲ್ಲೆ?"

ಅಂದು ಒಲೆ ನನ್ನ ತಮ್ಮನ ವಶದಲ್ಲಿತ್ತು. ಬೊಂಬಾಯಿಯಲ್ಲಿ ಯಹೂದಿ ದಂಪತಿಯ ಮನೆ ಅಡುಗೆಗಿದ್ದ ಅವನು, ಅವರು ಕೊಟ್ಟ ಒಣರೊಟ್ಟಿಯ ಪುಡಿಗೆ ಮೊಟ್ಟೆ, ಕೋಳಿಕೊಬ್ಬು ಕಲಸಿ ಉಂಡೆ ಕಟ್ಟಿ ತಿಳಿಯಾದ ಕೋಳಿನೀರಿನಲ್ಲಿ ಬೇಯಿಸಿದ್ದ. ದೊಡ್ಡವರ ಮನೆಯ ಅಡುಗೆಯೆಂದು ನನಗೆ ಕಾಯಿ ತುರಿಯಲೂ ಬಿಟ್ಟಿರಲಿಲ್ಲ. ನಮ್ಮಲ್ಲಿ ಕಾಯಿ, ಖಾರ ಇಲ್ಲದ ಕೋಳಿನೀರು ಕುಡಿಯುವುದು ಮಲಗಿದ ರೋಗಿ ಮಾತ್ರ.

"ಅಲ್ಲಿ ಇದನ್ನು ಯಾವಾಗ ಮಾಡ್ತ್ರ್?" ಎಂದು ತಮ್ಮನನ್ನು ಒಳಗೆ ಕರೆದು ಕೇಳಿದೆ. ಅವನು ಒಲೆಯ ಕಡೆ ತಿರುಗಿ ಹೇಳಿದ: "ಹಬ್ಬಕ್ಕೆ ಮಾಡ್ತ್ರ್. ಜ್ವರ ಬಂದ್ರೂ ಮಾಡ್ತ್ರ್ ಅಕ್ಕ."

ಈಗಲೂ ನನ್ನ ತಮ್ಮ ರಜೆಯಲ್ಲಿ ಬಂದಿದ್ದಾನೆಂದು ತಿಳಿದರೆ, ಅಳಿಯ ಕಾಲು ತೊಳೆಯುವ ಮೊದಲೇ ಅಂಗಳದಿಂದ ಹೇಳುತ್ತಾರೆ: "ಅತ್ತೆ, ನಂಗ್ ಜ್ವರ ಇಲ್ಲೆ."